ಎರಚು ಶೀನಣ್ಣ

ಬಸವನಗುಡಿಯ ನಮ್ಮ ಬೀದಿಯಲ್ಲಿ ಮೂವರು ಶ್ರೀನಿವಾಸರಿದ್ದಾರೆ. ಬ್ಯಾಂಕಿನಲ್ಲಿದ್ದು ನಿವೃತ್ತರಾದವರು ಬ್ಯಾಂಕ್ ಶ್ರೀನಿವಾಸಯ್ಯ. ಸಂಜೆ ಹೊತ್ತು ಮಕ್ಕಳಿಗೆ ವೀಣೆ ಹೇಳಿಕೊಡುವವರು ವೀಣೆ ಶ್ರೀನಿವಾಸಮೂರ್ತಿ. ಮೂರನೆಯವರು ನಮ್ಮ ಎದುರುಮನೆಯವರು, ಎರಚು ಶೀನಣ್ಣ. ಕೊರಿಯರ್‌ನವರು ಬಂದು ಲಕೋಟೆಯ ಮೇಲಿನ ಪೂರ್ತಿ ಹೆಸರು ಓದಿದರೆ ಬೀದಿಯಲ್ಲಿ ಯಾರಿಗೂ ಗೊತ್ತಾಗುವುದಿಲ್ಲ. ಮನೆ ನಂಬರು ಹೇಳಿದ ಮೇಲೆ, "ಎರಚೋ ಶೀನಣ್ಣನಾ? ಹಾಗೆ ಹೇಳಿ ಮತ್ತೆ!" ಎಂದು ಹೊಟ್ಟೆಯ ಮುಂದೆ ಕೈಯನ್ನು ಗಿರಗಿರ ತಿರುಗಿಸಿ ತೋರಿಸಿ, ಆಮೇಲೆ ಮನೆ ತೋರಿಸುತ್ತಾರೆ.

ಶೀನಣ್ಣನ ಮನೆಯವರೆಲ್ಲ ಓದಿದವರು. ತಂದೆ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು, ಅಣ್ಣ ವಿಧಾನಸೌಧದಲ್ಲಿ ಸೆಕ್ಷನ್ ಆಫೀಸರು, ಅಕ್ಕ ಕಾಲೇಜಿನಲ್ಲಿ ಸಂಸ್ಕೃತ ಹೇಳಿಕೊಡುತ್ತಿದ್ದವರು. ಶೀನಣ್ಣ ಮಾತ್ರ ಬಿಎಸ್ಸಿಯ ಕೆಮಿಸ್ಟ್ರಿಯಲ್ಲಿ ಎರಡು ಸಲ ಡುಮ್ಕಿ ಹೊಡೆದು ಮನೆಯಲ್ಲಿ ಕೂತರು. ಕೂತ ಮಗನನ್ನು ನೋಡಲಾರದೆ ತಂದೆ ತಮ್ಮ ಗೆಳೆಯರೊಬ್ಬರ ಕ್ರಿಕೆಟ್ ಕ್ಲಬ್ಬಿನಲ್ಲಿ ಸಾಮಾನು ನೋಡಿಕೊಳ್ಳುವ ಕೆಲಸ ಕೊಡಿಸಿದರು. "ಸದ್ಯಕ್ಕೆ ಇರಲಿ" ಎಂದಿದ್ದರು. ಆ ಸದ್ಯಕ್ಕೆ ಈಗ ಮೂವತ್ತೆರಡು ವರ್ಷ ತುಂಬಿದೆ.

ಬ್ಯಾಟು, ಪ್ಯಾಡು, ಬಲೆ ಎತ್ತಿಡುವ ಕೆಲಸ ಒಂದು ಗಂಟೆಯದು. ಉಳಿದ ಹೊತ್ತು ಶೀನಣ್ಣ ಮೆಟ್ಟಿಲ ಮೇಲೆ ಕೂತು ಹುಲ್ಲು ನೋಡುತ್ತಿದ್ದರು. ನೋಡಿ ನೋಡಿ ಹುಲ್ಲಿನ ಮೇಲೆ ಅಕ್ಕರೆ ಹುಟ್ಟಿತು. ಒಂದು ಸಲ ಮೈದಾನದ ಹಿರಿಯ ಕೆಲಸಗಾರ ಆಂಜಿನಯ್ಯನವರು ರಜೆಯಲ್ಲಿದ್ದರು. ಮಳೆ ಬರುವ ಮುಂಚೆ ಯೂರಿಯಾ ಹಾಕಬೇಕಿತ್ತು. "ನಾನು ಹಾಕ್ತೀನಿ ಬಿಡಿ" ಎಂದು ಶೀನಣ್ಣ ಪಂಚೆ ಎತ್ತಿ ಕಟ್ಟಿ, ಬಕೆಟ್ಟು ಹಿಡಿದು, ಮುಷ್ಟಿ ಮುಷ್ಟಿ ಎಸೆದರು. ಎಂಟು ದಿನಕ್ಕೆ ಮೈದಾನದ ಬಣ್ಣ ಬದಲಾಯಿತು. ಒಂದು ಪಟ್ಟೆ ಕಡುಹಸಿರು, ಪಕ್ಕದ್ದು ಹಳದಿ, ಅವರು ನಿಂತು ಸುಧಾರಿಸಿಕೊಂಡ ಕಡೆಯಲ್ಲೆಲ್ಲ ದೋಸೆ ಸೀದ ಹಾಗೆ ಕರಿ ಸುತ್ತು. ಕ್ಲಬ್ಬಿನ ಕಾರ್ಯದರ್ಶಿ ಮೇಲಿನ ಬಾಲ್ಕನಿಯಿಂದ ನೋಡಿ, "ಯಾರ್ರೀ ಇದು, ನನ್ನ ಗ್ರೌಂಡಲ್ಲಿ ರಂಗೋಲಿ ಹಾಕಿದ್ದು?" ಎಂದು ಕೂಗಿದರು.

ರಜೆ ಮುಗಿಸಿ ಬಂದ ಆಂಜಿನಯ್ಯನವರು ಮೈದಾನವನ್ನು ನೋಡಿ ಅಲ್ಲೇ ಕುಕ್ಕರಗಾಲಲ್ಲಿ ಕೂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ನಕ್ಕು ಮುಗಿಸಿ ಹೇಳಿದರು: "ಮುಷ್ಟೀಲಿ ಎಸೀಬಾರ್ದು ಸೀನಣ್ಣ. ಬೆರಳ ಸಂದೀಲಿ ಬಿಡ್ಬೇಕು. ಹೆಜ್ಜೆಗೊಂದ್ಸಲ. ತೋಳಲ್ಲ, ಮಣಿಕಟ್ಟು ತಿರುಗ್ಬೇಕು. ನಮ್ಮವ್ವ ರಾಗಿ ಚೆಲ್ತಿದ್ದಿದ್ದು ಹಂಗೇ."

ಆರು ತಿಂಗಳು ಶೀನಣ್ಣ ಒಣ ಮರಳು ಹಿಡಿದು ಅಭ್ಯಾಸ ಮಾಡಿದರು. ಕೈ ಬರಲಿಲ್ಲ. ಆಂಜಿನಯ್ಯನವರು ಅವರ ಅಂಗೈ ಹಿಡಿದು ತಿರುಗಿಸಿ ನೋಡಿ, "ಇದು ಪೆನ್ನು ಹಿಡಿಯೋಕೆ ಅಂತ ಹುಟ್ಟಿದ ಕೈ, ಪೆನ್ನೂ ಹಿಡೀಲಿಲ್ಲ. ಏನ್ಮಾಡೋದು!" ಎಂದರು. ಅಂದಿನಿಂದ ಅವರಿಬ್ಬರೂ ಗೆಳೆಯರು.

ಇದಾಗಿ ಎಷ್ಟೋ ವರ್ಷದ ಮೇಲೆ, ಬಲೆಗೆ ನೈಲಾನ್ ಹಗ್ಗ ತರಲು ಶೀನಣ್ಣ ಮಾಮೂಲ್‌ಪೇಟೆಗೆ ಹೋದರು. ಅಂಗಡಿಯ ಸೂರಿನಲ್ಲಿ ಜರಡಿ, ಆಲಿಕೆಗಳ ನಡುವೆ ಒಂದು ವಿಚಿತ್ರ ವಸ್ತು ನೇತಾಡುತ್ತಿತ್ತು. ಮೇಲೆ ಹೆಗಲಿಗೆ ಹಾಕಿಕೊಳ್ಳುವ ಪಟ್ಟಿಯಿದ್ದ ಕ್ಯಾನ್ವಾಸ್ ಚೀಲ, ಅದರ ತಳದಲ್ಲಿ ತೆರೆದು ಮುಚ್ಚುವ ಕಿಂಡಿ, ಕಿಂಡಿಯ ಕೆಳಗೆ ರೆಕ್ಕೆಗಳಿದ್ದ ಒಂದು ತಟ್ಟೆ, ಪಕ್ಕದಲ್ಲಿ ತಿರುಗಿಸುವ ಹ್ಯಾಂಡಲ್.

"ಇದೇನು ಸ್ವಾಮಿ?"

"ಯಾರೋ ತರಿಸಿದ್ರು, ತಗೊಂಡು ಹೋಗಕ್ಕೆ ಬರ್ಲೇ ಇಲ್ಲ. ಏನಕ್ಕೆ ಅಂತ ನಂಗೂ ಗೊತ್ತಿಲ್ಲ. ನೋಡ್ತೀರಾ?"

ಶೀನಣ್ಣ ಹೆಗಲಿಗೆ ಹಾಕಿಕೊಂಡು ಹ್ಯಾಂಡಲ್ ತಿರುಗಿಸಿದರು. ತಟ್ಟೆ ಗಿರ್ರೆಂದಿತು. ಅಂಗಡಿಯವರು ಪಾರಿವಾಳಗಳಿಗೆಂದು ಇಟ್ಟಿದ್ದ ಜೋಳ ಪಕ್ಕದಲ್ಲೇ ಇತ್ತು. ಎರಡು ಬೊಗಸೆ ಚೀಲಕ್ಕೆ ಸುರಿದು, ಗಲ್ಲಿಗೆ ಮುಖ ಮಾಡಿ, ಮತ್ತೆ ತಿರುಗಿಸಿದರು. ಜೋಳ ಬೀಸಣಿಗೆ ಬಿಚ್ಚಿದ ಹಾಗೆ ಎರಡು ಕಡೆಗೂ ಸಮನಾಗಿ ಹಾರಿ ಗಲ್ಲಿಯ ಉದ್ದಗಲ ಬಿತ್ತು. ಎದುರಿನ ಸ್ಟೀಲ್ ಪಾತ್ರೆ ಅಂಗಡಿಯಲ್ಲಿ ಟಣಟಣ ಸದ್ದಾಯಿತು. ಮೂಟೆ ಹೊತ್ತು ಬರುತ್ತಿದ್ದವರೊಬ್ಬರು ಆಕಾಶ ನೋಡಿದರು. ಸೂರಿನ ಮೇಲಿದ್ದ ಪಾರಿವಾಳಗಳೆಲ್ಲ ಒಟ್ಟಿಗೆ ಇಳಿದವು. ರೆಕ್ಕೆಗಳ ನಡುವೆ ನಿಂತು ಶೀನಣ್ಣ ಹೋ ಎಂದು ನಗುತ್ತಿದ್ದರಂತೆ. ಹಗ್ಗ ಮರೆತು ಬಂದರು. ಮಿಷನ್ನು ತಂದರು.

ಮಾರನೆಯ ದಿನ ಅದರಲ್ಲಿ ಹುಲ್ಲಿನ ಬೀಜ ಎರಚಿದರು. ಆಂಜಿನಯ್ಯನವರು ನಂಬಲಿಲ್ಲ. ಮೈದಾನದಲ್ಲಿ ಅಲ್ಲಲ್ಲಿ ಹಳೇ ಪೇಪರ್ ಹಾಸಿಟ್ಟು, ಒಂದೊಂದರ ಮೇಲೂ ಎಷ್ಟು ಕಾಳು ಬಿದ್ದಿದೆ ಎಂದು ಮೊಣಕಾಲೂರಿ ನೋಡುತ್ತ ಹೋದರು. ಕೊನೆಯ ಪೇಪರಿನಿಂದ ಎದ್ದು ಹೇಳಿದ್ದು ಒಂದೇ ಮಾತು. "ನಮ್ಮವ್ವ ಬಿತ್ತಿದಂಗೇ ಐತೆ."

ಅಲ್ಲಿಂದ ಶೀನಣ್ಣನನ್ನು ಹಿಡಿಯುವವರಿರಲಿಲ್ಲ. ಮಿಷನ್ ಬಿಚ್ಚಿ ಒಳಗಿನ ಹಲ್ಲುಗಾಲಿ ನೋಡಿದರು. ಹಿತ್ತಲ ಜಗಲಿಯಲ್ಲಿ ಬಿಸ್ಕತ್ತಿನ ಡಬ್ಬ, ಹಳೆಯ ಸೈಕಲ್ ಭಾಗ, ತಗಡು ಗುಡ್ಡೆ ಹಾಕಿಕೊಂಡು ತಾವೇ ಮಾಡತೊಡಗಿದರು. ಚಿಕ್ಕದು, ದೊಡ್ಡದು, ಒಂದೇ ಕೈಯಲ್ಲಿ ಹಿಡಿಯುವಂಥದು. ಮಳೆಗಾಲದಲ್ಲಿ ದೇವಸ್ಥಾನದ ಇಳಿಜಾರು ಪಾಚಿ ಕಟ್ಟಿ ಜಾರುತ್ತಿದ್ದಾಗ ಮೂರು ನಿಮಿಷದಲ್ಲಿ ಮರಳೆರಚಿ ಹೋದರು. ಚರಂಡಿ ಉಕ್ಕಿದ ವಾರ ಇಡೀ ಬೀದಿಗೆ ಬ್ಲೀಚಿಂಗ್ ಪೌಡರ್ ಅವರದೇ. ಒಂದು ದೀಪಾವಳಿಗೆ ಹೆಂಡತಿ ಶೈಲಜಮ್ಮ ಕರಿದು ಹರವಿದ್ದ ಚಿರೋಟಿಯ ಮೇಲೆ ಪುಡಿಸಕ್ಕರೆಯನ್ನೂ ಮಿಷನ್ನಿನಲ್ಲೇ ಉದುರಿಸಲು ಹೋದರು. ಸಕ್ಕರೆ ಚಿರೋಟಿ ದಾಟಿ, ಕಿಟಕಿ ದಾಟಿ, ಪಕ್ಕದ ಮನೆಯ ತುಳಸಿಕಟ್ಟೆಯವರೆಗೂ ಹೋಯಿತು. ಒಂದು ವಾರ ಎರಡು ಮನೆಗೂ ಇರುವೆ.

"ರೀ, ನಿಮಗೇನು ಹುಚ್ಚಾ?" ಎಂದು ಶೈಲಜಮ್ಮ ಕೇಳಿದರೆ ಶೀನಣ್ಣ ಗಂಭೀರವಾಗಿ ಹೇಳುತ್ತಿದ್ದರು: "ಕಾಳು ಹಾರತ್ತಲ್ಲ ಶೈಲೂ, ಆಗ ನನ್ನೆದೇಲೂ ಏನೋ ಹಾರಿದ ಹಾಗಾಗತ್ತೆ. ಅದನ್ನ ಹೇಗೆ ಬಿಡ್ಲಿ?"

ಇದು ಶೀನಣ್ಣ. ಅವರ ತಾಯಿ ಜಾನಕಮ್ಮನವರನ್ನೂ ಪರಿಚಯ ಮಾಡಿಕೊಡಬೇಕು. ಎಂಬತ್ತಾರು ವರ್ಷ. ನಾಲಿಗೆ ಹರಿತ, ನೆನಪು ಇನ್ನೂ ಹರಿತ. ಮೂರು ವರ್ಷದ ಹಿಂದೆ ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದ ಮೇಲೆ ಗಾಲಿಕುರ್ಚಿಯೇ ಗತಿಯಾಯಿತು. ಹಾಗೆ ಬಿದ್ದಾಗಲೇ ಬಲಭುಜ ಹಿಡಿದುಕೊಂಡು ಕೈ ಎದೆಯಿಂದ ಮೇಲಕ್ಕೆ ಏಳದು. ಎಡಗೈಗೆ ಮೊದಲಿಂದಲೂ ನಡುಕ.

ಕಳೆದ ವರ್ಷ ಶೀನಣ್ಣನ ಒಬ್ಬಳೇ ಮಗಳು ಇಂಚರಾಳ ಮದುವೆ ನಿಶ್ಚಯವಾಯಿತು. ಹುಡುಗ ಮಲ್ಲೇಶ್ವರದ ಕಶ್ಯಪ್, ಕಾಲೇಜಿನಲ್ಲಿ ಪಾಠ ಹೇಳುವವನು. ಛತ್ರ ಚಾಮರಾಜಪೇಟೆಯಲ್ಲಿ. ಮಾತುಕತೆಯೆಲ್ಲ ಸುಸೂತ್ರವಾಗಿ ನಡೆದು, ಕಾಫಿ ಕುಡಿಯುತ್ತ ಕೂತಿದ್ದಾಗ ಜಾನಕಮ್ಮ ಕೇಳಿದರು. "ಆ ಛತ್ರದ ಮಂಟಪಕ್ಕೆ ಎಷ್ಟು ಮೆಟ್ಟಿಲೋ ಶೀನ?"

"ಆರಮ್ಮ."

"ಹಾಗಾದ್ರೆ ನಾನು ಅಕ್ಷತೆ ಹಾಕೋದು ಹೇಗೆ?"

ಯಾರೂ ಅದನ್ನು ಯೋಚಿಸಿರಲಿಲ್ಲ. ಶೀನಣ್ಣನ ಅಣ್ಣ, "ಕುರ್ಚಿ ಸಮೇತ ನಾಲ್ಕು ಜನ ಎತ್ಕೊಂಡು ಹೋಗ್ತೀವಿ" ಎಂದರು.

"ನಾನೇನು ಗಣಪತೀನಾ ಎತ್ಕೊಂಡು ಹೋಗಿ ಕೂರಿಸೋಕೆ? ನಾಲ್ಕು ಜನ ಎತ್ಕೊಂಡು ಹೋಗೋ ದಿನ ಬೇರೆ ಇದೆ. ಅವಸರ ಮಾಡ್ಬೇಡಿ."

"ಹೋಗ್ಲಿ ಅತ್ತೆ, ನಿಮ್ಮ ಕೈ ಮುಟ್ಟಿಸಿ ಕೊಡಿ. ನಾನು ತಗೊಂಡು ಹೋಗಿ ಹಾಕ್ತೀನಿ" ಎಂದರು ಶೈಲಜಮ್ಮ.

"ಪೋಸ್ಟಲ್ಲಿ ಕಳಿಸೋ ಆಶೀರ್ವಾದ ನಂಗೆ ಬೇಡ. ಆ ಮಗೂನ ಎತ್ತಿ ಆಡಿಸಿದ್ದು ನಾನು. ನನ್ನ ಕೈಯಿಂದ ಹಾರಿ ಅವಳ ತಲೆ ಮೇಲೆ ಬೀಳ್ಬೇಕು. ನಾನು ಅದನ್ನ ನೋಡ್ಬೇಕು."

ಹಾರಿ ಎಂಬ ಮಾತು ಕೇಳಿದ್ದೇ ಶೀನಣ್ಣ ಲೋಟ ಕೆಳಗಿಟ್ಟರು. ಶೈಲಜಮ್ಮ ಅವರ ಮುಖ ನೋಡಿದರು. "ಬೇಡ ರೀ" ಎಂದರು. ಶೀನಣ್ಣ ಆಗಲೇ ಹಿತ್ತಲಿಗೆ ಹೋಗಿದ್ದರು.

ಅವರಿಗೆ ಹೊಳೆದದ್ದು ಇಷ್ಟು. ಅಮ್ಮನ ಕೈ ಮೇಲೇಳದು ನಿಜ, ಆದರೆ ತಿರುಗುತ್ತದೆ. ನಲವತ್ತು ವರ್ಷ ದಿನಾ ಬೆಳಿಗ್ಗೆ ಕಾಫಿ ಬೀಜವನ್ನು ಕೈಮಿಷನ್ನಿನಲ್ಲಿ ಪುಡಿ ಮಾಡಿದ ಕೈ ಅದು.

ಒಂದು ತಿಂಗಳು ಆ ಮನೆಯಲ್ಲಿ ಮದುವೆಯ ಬೇರೆ ಕೆಲಸಗಳ ಜೊತೆಗೆ ಇದೂ ನಡೆಯಿತು. ಶೀನಣ್ಣ ಅಳತೆಯ ಟೇಪು ಹಿಡಿದು ಛತ್ರಕ್ಕೆ ಎರಡು ಸಲ ಹೋಗಿ ಬಂದರು. ಮುಂದಿನ ಸಾಲಿನಿಂದ ವಧೂವರರ ಮಣೆಯವರೆಗೆ ಹದಿನಾಲ್ಕು ಅಡಿ, ಮಂಟಪದ ಎತ್ತರ ನಾಲ್ಕು ಅಡಿ. ಗಾಲಿಕುರ್ಚಿಯ ಎರಡು ಕೈಗಳ ಮೇಲೆ ಕೂರುವ ಹಾಗೆ ಒಂದು ಹಲಗೆ, ಅದರ ಮೇಲೆ ಹೊಚ್ಚ ಹೊಸ ಸ್ಟೀಲ್ ಡಬ್ಬ, ತಳದಲ್ಲಿ ತಟ್ಟೆ. ಅಕ್ಷತೆ ಎಲ್ಲ ಕಡೆಗೂ ಹೋಗದೆ ಮುಂದಕ್ಕಷ್ಟೇ ಹಾರಲೆಂದು ತಟ್ಟೆಯ ಸುತ್ತ ತಗಡಿನ ಮರೆ, ಅದಕ್ಕೊಂದು ಸಣ್ಣ ಬಾಯಿ.

ಮಿಷನ್ ಆಯಿತು, ಅಕ್ಕಿ ಕೈಕೊಟ್ಟಿತು. ತರಗುಪೇಟೆಯಿಂದ ಹನ್ನೊಂದು ಬಗೆಯ ಅಕ್ಕಿ ಕಾಲು ಕಾಲು ಕೇಜಿ ತಂದರು. ಬಾಸುಮತಿ ಕಿಂಡಿಗೆ ಅಡ್ಡಡ್ಡ ಸಿಕ್ಕಿಕೊಂಡಿತು. ನುಚ್ಚು ಹಗುರ, ಅರ್ಧ ದಾರಿಗೇ ಬಿತ್ತು. ಕುಸುಬಲಕ್ಕಿ ಗುಂಡು ಹಾರಿದ ಹಾಗೆ ಹಾರಿತು. ಶೀನಣ್ಣ ಕುಣಿದರು. "ಕುಸುಬಲಕ್ಕಿ ಅಕ್ಷತೆಗೆ ಆಗಲ್ಲ ರೀ, ಬೇಯಿಸಿದ್ದು ಅದು" ಎಂದು ಶೈಲಜಮ್ಮ ತಡೆದರು. ಕೊನೆಗೆ ಹಳೇ ಸೋನಾ ಮಸೂರಿ ಗೆದ್ದಿತು. ಆದರೆ ಅರಿಶಿನ ಕಲಸಿದ ಕೂಡಲೇ ಅದೂ ಅಂಟಿಕೊಂಡು ಮುದ್ದೆಯಾಯಿತು. ಶೀನಣ್ಣ ತಲೆಗೆ ಕೈಹೊತ್ತು ಕೂತಾಗ ಬೇಡ ಬೇಡ ಎಂದಿದ್ದ ಶೈಲಜಮ್ಮನೇ ಬಂದರು. ಒಂದು ತೊಟ್ಟು ತುಪ್ಪ, ಚಿಟಿಕೆ ಅರಿಶಿನ, ನೀರು ಬರೀ ಕೈಗೆ ಸವರಿಕೊಂಡಷ್ಟು. ಬಿಳಿ ಪಂಚೆಯ ಮೇಲೆ ಹರವಿ ಫ್ಯಾನ್ ಹಾಕಿದರು. ಒಂದೊಂದು ಕಾಳೂ ಬಂಗಾರದ ಚೂರಿನ ಹಾಗೆ ಬೇರೆ ಬೇರೆಯಾಗಿ ನಿಂತಿತು. "ಪುಳಿಯೋಗರೆಗೆ ಉದುರುದುರಾಗಿ ಅನ್ನ ಆರಿಸೋಳು ನಾನು. ನಂಗೆ ಹೇಳ್ಕೊಡ್ತೀರಾ?" ಎಂದು ಸೆರಗು ಸಿಕ್ಕಿಸಿಕೊಂಡು ಒಳಗೆ ಹೋದರು.

ಮುಹೂರ್ತದ ಹೊತ್ತಿಗೆ ಶೀನಣ್ಣ ಧಾರೆ ಎರೆಯುವ ತಂದೆಯಾಗಿ ಮಂಟಪದ ಮೇಲಿರಬೇಕು. ಹಾಗಾಗಿ ಕೆಳಗೆ ಜಾನಕಮ್ಮನ ಜೊತೆ ನಿಂತು ಕಿಂಡಿ ತೆಗೆದು ಮುಚ್ಚುವ ಜವಾಬ್ದಾರಿಯನ್ನು ಆಂಜಿನಯ್ಯನವರಿಗೆ ವಹಿಸಿದರು. ಅಭ್ಯಾಸಕ್ಕೆಂದು ದಿನಾ ಸಂಜೆ ಐದಕ್ಕೆ ಅವರು ಮನೆಗೆ ಬರುತ್ತಿದ್ದರು. ಮೂವತ್ತು ವರ್ಷದ ಹಿಂದೆ ಇದೇ ಆಂಜಿನಯ್ಯನವರು ಮೊದಲ ಸಲ ಬಂದಾಗ ಜಾನಕಮ್ಮ ಗೇಟಿನ ಹತ್ತಿರವೇ ಬೇರೆ ಲೋಟದಲ್ಲಿ ಕಾಫಿ ಕೊಟ್ಟು ಕಳಿಸಿದ್ದರು. ಅದು ಇಬ್ಬರಿಗೂ ನೆನಪಿತ್ತು. ಒಂದು ಸಂಜೆ ಅಭ್ಯಾಸದ ನಡುವೆ ಜಾನಕಮ್ಮ ಇದ್ದಕ್ಕಿದ್ದಂತೆ, "ಆಂಜಿನಯ್ಯ, ಆವತ್ತು ನಾನು ಮಾಡಿದ್ದು ಸರಿಯಿಲ್ಲ" ಎಂದರು. "ಸರಿಯಿರ್ಲಿಲ್ಲ ಅಮ್ಮಾವ್ರೇ" ಎಂದರು ಆಂಜಿನಯ್ಯನವರು. ಆಮೇಲೆ ಕಿಂಡಿ ಎಳೆದು, "ಹೂಂ, ತಿರುಗ್ಸಿ ಈಗ. ಮೊಣಕೈ ಅಲ್ಲಾಡಿಸ್ಬೇಡಿ" ಎಂದರು. ಜಾನಕಮ್ಮ ತಿರುಗಿಸಿದರು.

ಹಳೆಯ ಕಾಲದ ಉದ್ದನೆಯ ನಡುಮನೆ. ಆ ತುದಿಯಲ್ಲಿ ಎರಡು ದಿಂಬು ವಧೂವರರು, ಈ ತುದಿಯಲ್ಲಿ ಜಾನಕಮ್ಮ. ತಟ್ಟೆ ತಿರುಗುವ ಕಡೆಗೆ ಕಾಳು ವಾಲುತ್ತದೆ, ಆದ್ದರಿಂದ ಕುರ್ಚಿಯನ್ನು ಒಂದು ಗೇಣು ಬಲಕ್ಕೆ ತಿರುಗಿಸಿ ಗುರಿ ಹಿಡಿಯಬೇಕು ಎಂದು ಕಂಡುಹಿಡಿದವರು ಜಾನಕಮ್ಮನೇ. ಒಂದು ದಿನ ಪತ್ರಿಕೆ ಕೊಡಲು ಬಂದ ಕಶ್ಯಪ್‌ನನ್ನು ದಿಂಬಿನ ಜಾಗದಲ್ಲಿ ಕೂರಿಸಿದರು. ಇಂಚರಾ ಪಕ್ಕದಲ್ಲಿ ಕೂತಳು. ಹೊಸ ಅಳಿಯನಾಗುವವನು ಕಾಫಿ ಲೋಟ ಹಿಡಿದು ಬೆಪ್ಪನಂತೆ ನೋಡುತ್ತಿರುವಾಗಲೇ ಗಿರ್ರೆಂದಿತು. ತಲೆ, ಕನ್ನಡಕ, ಅಂಗಿಯ ಜೇಬು, ಎಲ್ಲ ಕಡೆ ಅಕ್ಷತೆ.

"ಅಜ್ಜಿ, ಕಾಫಿಗೂ ಆಶೀರ್ವಾದ ಆಯ್ತು" ಎಂದ ಅವನು.

"ಕುಡಿದ್ಬಿಡಪ್ಪ, ಒಳಗೂ ಹೋಗ್ಲಿ" ಎಂದರು ಜಾನಕಮ್ಮ.

ಪುರೋಹಿತರಾದ ವಾದಿರಾಜಾಚಾರ್ಯರನ್ನು ಒಪ್ಪಿಸುವುದು ಕಷ್ಟವಾಗಲಿಲ್ಲ. "ಅಕ್ಷತೆ ಹಾಕ್ಬೇಕು ಅಂತ ಇದೆ, ಎಷ್ಟು ದೂರದಿಂದ ಅಂತ ನಾನಂತೂ ಎಲ್ಲೂ ಓದಿಲ್ಲ. ಗೊಬ್ಬರ ಹಾಕಿದ ಮಿಷನ್ ಅಲ್ಲ ತಾನೇ?" ಎಂದಷ್ಟೇ ಕೇಳಿದರು. ಭಯವಿದ್ದದ್ದು ಒಬ್ಬರದೇ. ಕಶ್ಯಪನ ದೊಡ್ಡಪ್ಪ ರಾಘವರಾಯರು. ಅವರು ಮದುವೆಗೆಂದೇ ವೇಳಾಪಟ್ಟಿ ಅಚ್ಚು ಹಾಕಿಸಿದ್ದರು. ಕಾಶೀಯಾತ್ರೆ ಎಂಟು ಹತ್ತು, ಅಂತರಪಟ ಎಂಟು ಐವತ್ತು, ಹೀಗೆ. ಎಲೆಯಲ್ಲಿ ಉಪ್ಪು ಎಲ್ಲಿ ಬಡಿಸಬೇಕೆಂದೂ ಬರೆದಿತ್ತು ಎಂದು ಅಡಿಗೆಯವರು ಹೇಳುತ್ತಿದ್ದರು. ಅವರಿಗೆ ಮಿಷನ್ನಿನ ವಿಷಯ ಹೇಳಲು ಯಾರಿಗೂ ಧೈರ್ಯ ಬರಲಿಲ್ಲ. "ನಾಲ್ಕೇ ಸುತ್ತು ಅಮ್ಮ. ನಾಲ್ಕು ಸುತ್ತಿಗೆ ಒಂದು ಬೊಗಸೆ. ಅವರಿಗೆ ಗೊತ್ತಾಗೋ ಮುಂಚೆ ಮುಗಿದಿರತ್ತೆ" ಎಂದು ಶೀನಣ್ಣ ತಾಯಿಗೆ ನೂರು ಸಲ ಹೇಳಿದ್ದರು. ಆದರೆ ಡಬ್ಬಕ್ಕೆ ಮಾತ್ರ, ಇರಲಿ ಎಂದು, ಎರಡೂವರೆ ಕೇಜಿ ತುಂಬಿದ್ದರು.

ಮದುವೆಯ ಬೆಳಿಗ್ಗೆ ನಾನು ಐದನೇ ಸಾಲಿನಲ್ಲಿ ಕೂತಿದ್ದೆ. ಮುಂದಿನ ಸಾಲಿನ ಮಧ್ಯದಲ್ಲಿ ಜಾನಕಮ್ಮನ ಗಾಲಿಕುರ್ಚಿ. ಮಿಷನ್ ಕಾಣದ ಹಾಗೆ ಮೇಲೊಂದು ಶಾಲು. ಪಕ್ಕದಲ್ಲಿ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟ ಆಂಜಿನಯ್ಯನವರು, ಅಂಪೈರ್ ಹಾಗೆ ನೆಟ್ಟಗೆ. ಎಂಟು ಐವತ್ತಕ್ಕೆ ಸರಿಯಾಗಿ ಅಂತರಪಟ ಹಿಡಿದರು. ಮಂಗಳಾಷ್ಟಕ ಮುಗಿಯಿತು. ಪಟ ಸರಿಯಿತು. ಇಂಚರಾ, ಕಶ್ಯಪ್ ಒಬ್ಬರ ತಲೆಯ ಮೇಲೊಬ್ಬರು ಜೀರಿಗೆ ಬೆಲ್ಲ ಇಟ್ಟರು. ಗಟ್ಟಿಮೇಳ ಮೊಳಗಿತು.

ಆಗ ಯಾರೂ ಲೆಕ್ಕ ಹಾಕದಿದ್ದ ಒಂದು ಸಂಗತಿ ನಡೆಯಿತು. ಗಟ್ಟಿಮೇಳಕ್ಕೆ ಇಡೀ ಸಭೆ ಎದ್ದು ನಿಂತು ಮುಂದಕ್ಕೆ ನುಗ್ಗಿತು. ಮಂಟಪದ ಮುಂದೆ ಬೆನ್ನುಗಳ ಗೋಡೆ. ಜಾನಕಮ್ಮನಿಗೆ ಕಂಡದ್ದು ಬರೀ ರೇಷ್ಮೆ ಸೀರೆಯ ಸೆರಗುಗಳು.

"ಆಂಜಿನಯ್ಯ! ಏನೂ ಕಾಣ್ತಿಲ್ಲವಲ್ಲೋ!" ಎಂದು ಅವರು ಕೂಗಿದ್ದು ಡೋಲಿನ ಸದ್ದಿನಲ್ಲಿಯೂ ನನಗೆ ಕೇಳಿಸಿತು.

ಪಿಚ್ಚಿನ ಮೇಲೆ ಅಡ್ಡಡ್ಡ ಓಡುವವರನ್ನು ಮೂವತ್ತೈದು ವರ್ಷ ಓಡಿಸಿದ ಗಂಟಲು ಆಂಜಿನಯ್ಯನವರದು. ಎದೆ ತುಂಬ ಉಸಿರೆಳೆದು ಒಂದೇ ಸಲ ಗರ್ಜಿಸಿದರು.

"ಕೂತ್ಕೊಳ್ರೀ ಎಲ್ಲಾ!"

ಮುನ್ನೂರು ಜನ ದಡಕ್ಕನೆ ಕೂತರು. ಕುರ್ಚಿ ಇದ್ದಲ್ಲಿ ಕುರ್ಚಿ, ಇಲ್ಲದವರು ನೆಲ. ನಾದಸ್ವರದವರು ಅರ್ಧ ಸ್ವರಕ್ಕೇ ನಿಲ್ಲಿಸಿದರು. ನಿಂತಿದ್ದ ವಾದಿರಾಜಾಚಾರ್ಯರೂ ಅರ್ಧ ಬಗ್ಗಿ, ತಾವ್ಯಾಕೆ ಕೂರಬೇಕೆಂದು ನೆನಪಾಗಿ ಎದ್ದರು. ಮಂಟಪ ಕನ್ನಡಿಯ ಹಾಗೆ ನಿಚ್ಚಳವಾಗಿ ಕಂಡಿತು. ಆಂಜಿನಯ್ಯನವರು ಶಾಲು ತೆಗೆದರು, ಕಿಂಡಿ ಎಳೆದರು. "ಹಾಕಿ ಅಮ್ಮಾವ್ರೇ."

ಒಂದು ಸುತ್ತು. ಹಳದಿ ಅಕ್ಷತೆಯ ಕಮಾನೊಂದು ನಮ್ಮ ಕಣ್ಣ ಮುಂದೆ ಎದ್ದು, ಹದಿನಾಲ್ಕು ಅಡಿ ಹಾರಿ, ಇಂಚರಾಳ ಬಾಸಿಂಗದ ಮೇಲೆ ಸೋನೆಯ ಹಾಗೆ ಇಳಿಯಿತು. ಎರಡು. ಕಶ್ಯಪನ ಪೇಟದ ಮೇಲೆ. ಮೂರು. ಇಬ್ಬರ ಹೆಗಲ ಮೇಲೂ ಸಮನಾಗಿ. ಇಂಚರಾ ತಲೆಯೆತ್ತಿ ನೋಡಿದಳು. ಕೆಳಗೆ ಕೂತ ಅಜ್ಜಿಯನ್ನು ಕಂಡು ನಕ್ಕಳು, ನಗುತ್ತಲೇ ಕಣ್ಣು ಒರೆಸಿಕೊಂಡಳು. ನಾಲ್ಕು. ಶೀನಣ್ಣನ ಕೆನ್ನೆಗೆ ಒಂದೆರಡು ಕಾಳು ತಾಗಿದವು. ಅವರು ಧಾರೆಯ ತಂಬಿಗೆ ಹಿಡಿದು ಬಾಯಿ ತೆರೆದು ನಿಂತುಬಿಟ್ಟಿದ್ದರು.

ಅಲ್ಲಿಗೆ ನಿಲ್ಲಬೇಕಿತ್ತು.

"ಸಾಕು ಅಮ್ಮಾವ್ರೇ" ಎಂದು ಆಂಜಿನಯ್ಯನವರು ಕಿಂಡಿ ತಳ್ಳಿದರು. ಒಂದು ಕಾಳು ಸಿಕ್ಕಿಕೊಂಡು ಕಿಂಡಿ ಅಲ್ಲಾಡಲಿಲ್ಲ.

"ಇನ್ನೊಂದ್ಸಲ ಕಣಯ್ಯ!" ಎಂದರು ಜಾನಕಮ್ಮ. ಕಣ್ಣು ಮಿನುಗುತ್ತಿತ್ತು. ಎರಡು ವರ್ಷದಿಂದ ಮಡಿಲಲ್ಲಿ ಸುಮ್ಮನೆ ಮಲಗಿದ್ದ ಕೈ ಈಗ ತನ್ನ ಪಾಡಿಗೆ ತಾನು ಓಡತೊಡಗಿತು. ತಟ್ಟೆ ಕೂಗಿತು. ಅಕ್ಷತೆ ಹದಿನಾಲ್ಕು ಅಡಿ ದಾಟಿ ಹದಿನೆಂಟಕ್ಕೆ, ಇಪ್ಪತ್ತಕ್ಕೆ ಹೋಯಿತು. "ಸುಮುಹೂರ್ತ" ಎಂದು ಬಾಯಿ ತೆರೆದ ಆಚಾರ್ಯರ ಬಾಯಿಗೆ ಒಂದು ಹಿಡಿ ಹೋಯಿತು. ಡೋಲಿನ ಚರ್ಮದ ಮೇಲೆ ಪಟಪಟ ಸದ್ದೆದ್ದು, ಡೋಲಿನವರು ಅದಕ್ಕೂ ತಾಳ ಹಿಡಿದರು. ನಾದಸ್ವರದ ಬಾಯೊಳಗೆ ಬಿದ್ದ ಅಕ್ಕಿ ಮುಂದಿನ ಸ್ವರದ ಜೊತೆ ಹೊರಗೆ ಹಾರಿತು. ಹಿಂದಿದ್ದ ಮಕ್ಕಳು ಕುರ್ಚಿ ಹತ್ತಿ ಕುಣಿದರು. ನಗು ಮುಂದಿನ ಸಾಲಿನಿಂದ ಹೊರಟು ಊಟದ ಮನೆಯವರೆಗೂ ಹೋಯಿತು. ಅಡಿಗೆಯವರು ಸೌಟು ಹಿಡಿದೇ ಓಡಿಬಂದರು. ಮಂಟಪದ ಮೂಲೆಯಲ್ಲಿ ವೇಳಾಪಟ್ಟಿ ಹಿಡಿದು ನಿಂತಿದ್ದ ರಾಘವರಾಯರ ಬೋಳುತಲೆ ಮಾತ್ರ ಮೊದಲಿನಿಂದ ಕೊನೆಯವರೆಗೂ ಮಳೆಗೆ ಒಡ್ಡಿದ ತಾರಸಿಯಾಗಿತ್ತು.

ಡಬ್ಬ ಖಾಲಿಯಾದ ಮೇಲೇ ತಟ್ಟೆ ನಿಂತದ್ದು. ಜಾನಕಮ್ಮ ಏದುಸಿರು ಬಿಡುತ್ತ, "ಬಿತ್ತೇನೋ ಶೀನ?" ಎಂದು ಕೂಗಿ ಕೇಳಿದರು.

"ಬಿತ್ತಮ್ಮಾ!" ಎಂದರು ಶೀನಣ್ಣ ಮಂಟಪದಿಂದ.

ಅಷ್ಟರಲ್ಲಿ ರಾಘವರಾಯರು ಮೆಟ್ಟಿಲಿಳಿದು ಬರತೊಡಗಿದರು. ನಗು ಒಂದೊಂದೇ ಸಾಲಿನಲ್ಲಿ ಆರಿತು. ಶೈಲಜಮ್ಮ ಸೆರಗು ಬಾಯಿಗಿಟ್ಟುಕೊಂಡರು. ರಾಯರು ಗಾಲಿಕುರ್ಚಿಯ ಮುಂದೆ ನಿಂತು, ಕನ್ನಡಕ ತೆಗೆದು ಅಕ್ಕಿ ಕೊಡವಿ, ಮತ್ತೆ ಹಾಕಿಕೊಂಡು, ಮಿಷನ್ನನ್ನು ಮೇಲಿಂದ ಕೆಳಗೆ ನೋಡಿದರು.

"ಇದು ಪಟ್ಟೀಲಿ ಇರ್ಲಿಲ್ಲ" ಎಂದರು.

"ಇರ್ಲಿಲ್ಲಪ್ಪ" ಎಂದು ಜಾನಕಮ್ಮ ಒಪ್ಪಿಕೊಂಡರು.

ರಾಯರು ಆಮೇಲೆ ಬಗ್ಗಿ, ಸಣ್ಣ ದನಿಯಲ್ಲಿ ಕೇಳಿದರು. "ನಮ್ಮಕ್ಕ ಅಲ್ಲಿ ಕೊನೇ ಸಾಲಲ್ಲಿ ಕೂತಿದಾರೆ. ಎರಡೂ ಮಂಡಿ ಹೋಗಿವೆ, ಮೆಟ್ಟಿಲು ಹತ್ತಕ್ಕಾಗಲ್ಲ. ಬೆಳಗಿಂದ ಮುಖ ಚಿಕ್ಕದು ಮಾಡ್ಕೊಂಡಿದಾರೆ. ಮಾಂಗಲ್ಯಧಾರಣೆ ಹೊತ್ತಿಗೆ ಅವರಿಗೊಂದ್ಸಲ ಇದನ್ನ ಕೊಡಕ್ಕಾಗತ್ತಾ?"

ಆಂಜಿನಯ್ಯನವರು ಹೋಗಿ ಆ ಅಕ್ಕನನ್ನು ಕುರ್ಚಿ ಸಮೇತ ಮುಂದಕ್ಕೆ ಎಳೆದುಕೊಂಡು ಬಂದರು.

ಆಮೇಲಿನದು ಸಂತೆ. ಮಾಂಗಲ್ಯಧಾರಣೆಗೆ ಮುಂಚೆ ಗಾಲಿಕುರ್ಚಿಯ ಹತ್ತಿರ ಸಾಲು ನಿಂತಿತು. ಮಂಡಿನೋವಿನವರು, ಬೆನ್ನುನೋವಿನವರು, ಏನೂ ನೋವಿಲ್ಲದವರು. ಅಕ್ಷತೆ ಮುಗಿದಿತ್ತು. ಅಡಿಗೆಯವರು ಹತ್ತು ನಿಮಿಷದಲ್ಲಿ ಕಲಸಿಕೊಟ್ಟರು. ಫ್ಯಾನ್ ಹಾಕಿ ಆರಿಸುವ ವ್ಯವಧಾನ ಯಾರಿಗಿತ್ತು? ಹಸಿ ಅಕ್ಕಿ ಗೋಲಿಯಷ್ಟು ಉಂಡೆಯಾಗಿ ಹಾರಿತು. ಒಂದು ಉಂಡೆ ಫೋಟೊದವರ ಕ್ಯಾಮರಾಕ್ಕೆ ಅಂಟಿತು, ಇನ್ನೊಂದನ್ನು ಕಶ್ಯಪ್ ತಾಳಿಯ ಮೂರನೇ ಗಂಟು ಹಾಕಿ ಮುಗಿಸಿದ್ದೇ ಗಾಳಿಯಲ್ಲಿ ಕ್ಯಾಚ್ ಹಿಡಿದ. ಆಂಜಿನಯ್ಯನವರು ಬೆರಳೆತ್ತಿ ಔಟ್ ಕೊಟ್ಟರು. ರಾಘವರಾಯರು ತಾವೂ ಎರಡು ಸುತ್ತು ತಿರುಗಿಸಿದರು. ಅಕ್ಕ ತಿರುಗಿಸಿದಾಗ ಮಗುವಿನ ಹಾಗೆ ಚಪ್ಪಾಳೆ ತಟ್ಟಿದರು. ಊಟ ಮುಕ್ಕಾಲು ಗಂಟೆ ತಡವಾಯಿತು, ಅದನ್ನು ಯಾರೂ ಪಟ್ಟಿಯಲ್ಲಿ ನೋಡಲಿಲ್ಲ.

ಮಧ್ಯಾಹ್ನ ಜಾನಕಮ್ಮನನ್ನು ಮನೆಗೆ ಬಿಡುವ ಕಾರಿನಲ್ಲಿ ನಾನೂ ಇದ್ದೆ. ಅವರು ಸೆರಗಿನ ಮಡಿಕೆಯಿಂದ ಅಕ್ಕಿಕಾಳು ಹೆಕ್ಕುತ್ತ ಕೂತಿದ್ದರು. "ನನ್ನ ಮದುವೇಲಿ ನಂಗೆ ಹದಿನಾರು ವರ್ಷ. ತಲೆ ಎತ್ತಬಾರ್ದು ಅಂದಿದ್ರು, ಎತ್ತಲಿಲ್ಲ. ಯಾರು ಹಾಕಿದ್ರು, ಯಾರು ನಕ್ಕರು, ಒಂದೂ ನೋಡ್ಲಿಲ್ಲ" ಎಂದರು. "ಇವತ್ತು ಎಲ್ಲರ ಮುಖಾನೂ ನೋಡ್ದೆ" ಎಂದು ಹೇಳಿ ಹಾಗೇ ನಿದ್ದೆ ಹೋದರು.

ಛತ್ರದವರು ಮರುವಾರವೇ ಬಾಗಿಲಲ್ಲಿ ಬೋರ್ಡು ಹಾಕಿದರು: "ಯಂತ್ರದ ಮೂಲಕ ಅಕ್ಷತೆ ಎರಚುವುದನ್ನು ನಿಷೇಧಿಸಲಾಗಿದೆ." ಆ ಬೋರ್ಡು ನೋಡಿಯೇ, ಹೀಗೊಂದು ಯಂತ್ರವಿದೆಯೆಂದು ಗೊತ್ತಾಗಿ ಶೀನಣ್ಣನಿಗೆ ಫೋನು ಬರತೊಡಗಿತು. ನಮ್ಮ ತಾತನಿಗೆ ಕೈ ಏಳಲ್ಲ, ನಮ್ಮ ಅತ್ತೆ ಹಾಸಿಗೆಯಿಂದ ಎದ್ದು ಕುರ್ಚಿಗೆ ಬಂದರೇ ಹೆಚ್ಚು. ಶೀನಣ್ಣ ಇನ್ನೂ ಮೂರು ಮಾಡಿಟ್ಟಿದ್ದಾರೆ. ಯಾರು ಕೇಳಿದರೂ ಕೊಡುತ್ತಾರೆ, ಜೊತೆಗೆ ಶೈಲಜಮ್ಮ ಆರಿಸಿದ ಅಕ್ಷತೆಯ ಡಬ್ಬ. ಕಿಂಡಿಯ ದೋಷವನ್ನು ಆಂಜಿನಯ್ಯನವರು ಸರಿಮಾಡಿದ್ದಾರೆ ಎನ್ನುತ್ತಾರೆ, ನನಗೇನೋ ಬೇಕೆಂದೇ ಹಾಗೆ ಬಿಟ್ಟಿದ್ದಾರೆ ಎಂದು ಅನುಮಾನ.

ಹೋದ ತಿಂಗಳು ಮಲ್ಲೇಶ್ವರದ ಒಂದು ಮದುವೆಯಲ್ಲಿ ತೊಂಬತ್ತೊಂದು ವರ್ಷದ ಹಿರಿಯರೊಬ್ಬರು ಮಿಷನ್ನಿನ ಮುಂದೆ ಕೂತು ಕೈ ಇಡಲು ಹಿಂಜರಿಯುತ್ತಿದ್ದರು. ತೋರಿಸಿಕೊಡಲೆಂದು ಜಾನಕಮ್ಮ ಖುದ್ದು ಹೋಗಿದ್ದರು. ಎರಡು ಗಾಲಿಕುರ್ಚಿಗಳು ಅಕ್ಕಪಕ್ಕ.

"ತಪ್ಪಾಗಿ ಬೇರೆಯವರ ಮೇಲೆ ಬಿದ್ರೆ?" ಎಂದು ಕೇಳಿದರು ಆ ಹಿರಿಯರು.

"ಬೀಳ್ಲಿ ಬಿಡಿ. ಅವರಿಗೂ ಒಳ್ಳೇದಾಗ್ಲಿ" ಎಂದರು ಜಾನಕಮ್ಮ. "ಮೊಣಕೈ ಅಲ್ಲಾಡಿಸ್ಬೇಡಿ, ತಿರುಗ್ಸಿ."